ಮಂಗಲವಿಲ್ಲದ ಪುಸ್ತಕ

ಯಾರಾದರೂ ನನ್ನ ಕೈಗೆ ಐತಿಹಾಸಿಕ ಕಾದಂಬರಿ ಕೊಟ್ಟರೆ ನಾನು ಮೊದಲು ಕೊನೆಯ ಪುಟ ತೆಗೆಯುತ್ತೇನೆ. ಮೊಮ್ಮಕ್ಕಳು ಇದಕ್ಕೆ ನಗುತ್ತಾರೆ. ಅಜ್ಜಿ ಊಟಕ್ಕೆ ಕೂತರೂ ಮಜ್ಜಿಗೆ ಅನ್ನದಿಂದಲೇ ಶುರು ಮಾಡುವವಳು ಎಂದು ಚೇಷ್ಟೆ ಮಾಡುತ್ತಾರೆ. ಮಾಡಲಿ. ಕೋಟೆ ಬೀಳುವುದು, ಬರ ಬರುವುದು, ದಂಡು ಬಂದು ಊರು ಸುಡುವುದು, ಇವನ್ನೆಲ್ಲ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಸೊಗಸಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವರ ಮೇಲೆ ನನ್ನ ತಕರಾರಿಲ್ಲ. ಮೂವತ್ತು ವರ್ಷ ಸಾಲಿಯಲ್ಲಿ ಕನ್ನಡ ಕಲಿಸಿದವಳು ನಾನು, ಅಂಥ ಪುಸ್ತಕಗಳನ್ನು ಎಷ್ಟೋ ಹುಡುಗಿಯರಿಗೆ ನಾನೇ ಓದಲು ಕೊಟ್ಟಿದ್ದೇನೆ. ಆದರೆ ಊರು ಸುಟ್ಟ ಮೇಲೆ ಉಳಿದವರನ್ನು ಬರೆದವನು ಎಲ್ಲಿ ಬಿಟ್ಟು ಎದ್ದು ಹೋಗಿದ್ದಾನೆ ಎಂಬುದು ನನಗೆ ಮೊದಲೇ ಗೊತ್ತಾಗಬೇಕು. ಗೊತ್ತಿಲ್ಲದೆ ಕೇಳುತ್ತ ಕೂತವರ ಗತಿಯನ್ನು ನಾನು ಹನ್ನೊಂದನೆಯ ವಯಸ್ಸಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಕಂಡಿದ್ದೇನೆ.

ನಮ್ಮ ಮನೆ ಯಲಬುರ್ಗಿಯಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿತ್ತು. ಮಣ್ಣಿನ ಮಾಳಿಗೆಯ ಮನೆ. ಒಳಗೆ ಬಂದರೆ ಮೊದಲು ದನದ ಜಾಗ, ಅದಕ್ಕಿಂತ ಮೊಳದೆತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡುಗೆಮನೆ ಮತ್ತು ಜೋಳದ ಕಣಜ. ಕಿಟಕಿ ಎಂಬುದು ಇರಲಿಲ್ಲ. ಮಾಳಿಗೆಗೆ ಕೊರೆದ ಬೆಳಕಿಂಡಿಯಿಂದ ಬಿಸಿಲು ನೇರ ನೆಲಕ್ಕೆ ಬಿದ್ದು, ಒಂದು ರೊಟ್ಟಿಯಷ್ಟು ಅಗಲ ಹರಡಿ, ದಿನವಿಡೀ ಕಂಬದಿಂದ ಕಂಬಕ್ಕೆ ಸರಿಯುತ್ತಿತ್ತು. ಓದಲು ಬೇಕಾದವರು ಆ ಬೆಳಕಿನ ಹಿಂದೆ ತಾವೂ ಸರಿಯಬೇಕು. ಮನೆಯಲ್ಲಿ ಅಪ್ಪ, ಅವ್ವ, ನಾನು, ನನ್ನ ಇಬ್ಬರು ತಮ್ಮಂದಿರು, ಅಪ್ಪನ ತಮ್ಮ ಲಿಂಗಪ್ಪ ಕಾಕಾ, ಮತ್ತು ಇವರೆಲ್ಲರ ಮೇಲೆ ಆಯಿ. ಆಯಿ ಎಂದರೆ ಅಪ್ಪನ ತಾಯಿ. ಅಪ್ಪನಿಗೆ ಸಣ್ಣ ಕಿರಾಣಿ ಅಂಗಡಿ ಇತ್ತು. ಸಾಲಿಯಲ್ಲಿ ಕಲಿತ ಉರ್ದು ಅಂಗಡಿಗೆ ಸಾಕಾಗುತ್ತಿತ್ತು, ಕನ್ನಡದ ಅಕ್ಷರ ಬರುತ್ತಿರಲಿಲ್ಲ. ನಮ್ಮದು ಮೊಗಲಾಯಿ, ಅಂದರೆ ನಿಜಾಮ ಸೀಮೆ. ಊರ ಸಾಲಿಯಲ್ಲಿ ಕನ್ನಡದ ಗಾಳಿಯೂ ಸುಳಿಯುತ್ತಿರಲಿಲ್ಲ. ಕಾಕಾ ಒಬ್ಬನೇ ಗಡಿ ದಾಟಿ ಧಾರವಾಡದ ಕಡೆ ನಾಲ್ಕು ವರ್ಷ ಓದಿ ಬಂದವನು. ಬಂದವನು ತಾಟಿನಲ್ಲಿ ಉಸುಕು ಹರಡಿ, ನನ್ನ ಬೆರಳು ಹಿಡಿದು ಕನ್ನಡ ತಿದ್ದಿಸಿದ. ಹೆಣ್ಣುಮಗಳಿಗೆ ಯಾಕೆ ಎಂದು ಅವ್ವ ಗೊಣಗಿದಳು. ಆಯಿ ಮಾತ್ರ ಏನೂ ಅನ್ನಲಿಲ್ಲ.

ಆ ಕಾದಂಬರಿ ಬಂದದ್ದು ಕಾಕಾನ ಟ್ರಂಕಿನಲ್ಲಿ. ಯಾರ ಯಾರದೋ ಕೈದಾಟಿ ಬಂದದ್ದು, ಮುಖಪುಟ ಹರಿದಿತ್ತು. ಹಾಗಾಗಿ ಅದರ ಹೆಸರು, ಬರೆದವರ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ. ವಿಜಯನಗರ ಹಾಳಾದ ಕಾಲದ ಕಥೆ. ಅರಸರಿಗಿಂತ ಹೆಚ್ಚಾಗಿ ಅದರಲ್ಲಿ ಇದ್ದದ್ದು ಬಳೆಗಾರರ ಒಂದು ಮನೆ. ನಾಗಮ್ಮ ಎಂಬ ಮುದುಕಿ, ಕಾಳಗಕ್ಕೆ ಹೋದ ಅವಳ ಮಗ, ದಿನಕ್ಕೊಂದು ಸುದ್ದಿ ಕೇಳಿ ನಡುಗುವ ಪಟ್ಟಣ. ಕಾಕಾ ಒಂದು ಮಧ್ಯಾಹ್ನ ಊಟವಾದ ಮೇಲೆ ತಮಾಷೆಗೆಂದು ಗಟ್ಟಿಯಾಗಿ ಓದತೊಡಗಿದ. ಎರಡು ಪುಟ ಆಗಿರಬೇಕು, ಆಯಿ ಕೈಯೆತ್ತಿ ತಡೆದಳು. ದೇವರ ಕೋಣೆಯಿಂದ ಪುರಾಣದ ಪುಸ್ತಕ ಇಡುವ ಕಟ್ಟಿಗೆಯ ಪೀಠ ತಂದಳು, ಪುಸ್ತಕಕ್ಕೆ ವಿಭೂತಿ ಹಚ್ಚಿ ಪತ್ರಿ ಏರಿಸಿದಳು.

"ಯವ್ವಾ, ಇದು ಕಾದಂಬರಿ. ಪುರಾಣ ಅಲ್ಲ" ಎಂದು ಕಾಕಾ ನಕ್ಕ.

"ರಾಜರ ಕಥಿ ಹೌದಲ್ಲೋ?"

"ಹೌದು."

"ಸತ್ತವರು ಬರ್ತಾರಿಲ್ಲೋ ಅದರಾಗ?"

"ಬರ್ತಾರ."

"ಹಂಗಾರ ಪುರಾಣನ. ಸುಮ್ಮನ ಓದು. ಇವತ್ತ ನೀ ಹಚ್ಚೀದಿ, ಮಂಗಲ ಆಗೂತನಕ ಬಿಡಾಂಗಿಲ್ಲ."

ಪುರಾಣ ಹಚ್ಚುವುದೆಂದರೆ ನಮ್ಮ ಮನೆಯಲ್ಲಿ ಆಟದ ಮಾತಾಗಿರಲಿಲ್ಲ. ಹಚ್ಚಿದ ದಿನದಿಂದ ಮುಗಿಯುವವರೆಗೆ ಮನೆಗೆ ಕೀಲಿ ಹಾಕಬಾರದು, ಹಿರಿಯಳಾದವಳು ಬೇರೆ ಊರಲ್ಲಿ ವಸ್ತಿ ಮಾಡಬಾರದು. ಮುಗಿದ ದಿನ ಆರತಿ ಬೆಳಗಿ, ಗೋದಿ ಬೆಲ್ಲದ ಮಾದಲಿ ಮಾಡಿ, ಓಣಿಗೆಲ್ಲ ಹಂಚಬೇಕು. ಅದೇ ಮಂಗಲ. ನಡುವೆ ಬಿಟ್ಟರೆ ಕೇಡು ತಟ್ಟುವುದು ಕೇಳಿದವರಿಗಲ್ಲ, ಹಚ್ಚಿದವನಿಗೆ. ಆಯಿಯ ತವರು ಹಂಪಿಯ ಎದುರು ದಂಡೆಯ ಆನೆಗೊಂದಿ. ಅಲ್ಲಿ ಅವಳ ಸ್ವಂತ ಅಣ್ಣ ಪುರಾಣ ಹಚ್ಚಿ, ಬಾಳೆಗೊನೆ ಮಾರುವ ಅವಸರದಲ್ಲಿ ಅರ್ಧಕ್ಕೇ ಬಿಟ್ಟು ಹೊಳೆ ದಾಟಲು ಹೋಗಿದ್ದ. ಹರಗೋಲು ಮುಳುಗಿತು. ಇದನ್ನು ಆಯಿ ಅಳುತ್ತ ಹೇಳುತ್ತಿರಲಿಲ್ಲ, ಹಾಲು ಉಕ್ಕಿದ್ದನ್ನು ಹೇಳಿದ ಹಾಗೆ ಹೇಳುತ್ತಿದ್ದಳು. ಅದಕ್ಕೇ ನಾವು ಯಾರೂ ಎದುರಾಡುತ್ತಿರಲಿಲ್ಲ.

ಹೀಗೆ ನಮ್ಮ ಪಡಸಾಲೆಯಲ್ಲಿ ಒಂದು ಕಾದಂಬರಿ ಪುರಾಣವಾಯಿತು. ಊಟ ಮುಗಿದು ಬಿಸಿಲಿನ ತುಂಡು ಮೂರನೆಯ ಕಂಬಕ್ಕೆ ಬಂದರೆ ಓದು ಶುರು, ಅದು ಕಣಜದ ಬುಡ ಮುಟ್ಟಿದರೆ ಮುಕ್ತಾಯ. ಅವ್ವ ಮೊರದಲ್ಲಿ ಜೋಳ ಹಸನು ಮಾಡುವಳು. ಆಯಿ ತೊಡೆಯ ಮೇಲೆ ಹತ್ತಿ ಇಟ್ಟುಕೊಂಡು ಬತ್ತಿ ಹೊಸೆಯುವಳು. ಬರೆದವನ ಜತೆ ಆಯಿಗೆ ದಿನಾ ಜಗಳ. ನಾಗಮ್ಮ ಇಂಥ ಘಟ್ಟದಲ್ಲಿ ಹರಗೋಲು ಹತ್ತಿದಳು ಎಂದು ಬಂದರೆ, "ಅಲ್ಲಿ ಸೆಳವ ಭಾಳ, ಯಾರೂ ಹತ್ತೂದಿಲ್ಲ. ಇಂವಾ ನಮ್ಮ ಹೊಳಿ ನೋಡಿಲ್ಲ" ಎನ್ನುವಳು. ಬಂಡೆಯ ನೆರಳಲ್ಲಿ ಯಾರೋ ಮಲಗಿದರು ಎಂದರೆ, ಆ ಬಂಡೆಯ ಕೆಳಗೆ ಚೇಳು ಇರುತ್ತವೆ, ಮೊದಲು ಎಬ್ಬಿಸು ಎಂದು ಓದುವ ಕಾಕಾನ ತಲೆಗೆ ತಟ್ಟುವಳು. ಅರಸು ಸತ್ತ ಸುದ್ದಿ ಬಂದ ದಿನ ಮಾತ್ರ ಸಾವಿನ ಮನೆಯಿಂದ ಬಂದವಳ ಹಾಗೆ ಎದ್ದು ಕೈಕಾಲು ತೊಳೆದುಕೊಂಡು ಬಂದಳು. ಅವಳ ತವರಿನವರಿಗೆ ಅದು ನಾಲ್ಕು ನೂರು ವರ್ಷದ ಹಿಂದಿನ ಮಾತಲ್ಲ, ಮೊನ್ನೆ ಮೊನ್ನೆಯದು.

ಅರ್ಧ ಪುಸ್ತಕ ಆಗುವಷ್ಟರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮ್ಮ ಸೀಮೆಗೆ ಬರಲಿಲ್ಲ. ಗಡಿಯಾಚೆ ನಿಜಾಮನ ವಿರುದ್ಧ ಹೋರಾಡುವ ಹುಡುಗರು ಶಿಬಿರ ಹಾಕಿದ್ದಾರೆ ಎಂದು ಸುದ್ದಿ ಬಂತು, ಕಾಕಾ ಹೊರಟ. ಅಪ್ಪ ಬೈದ, ಅವ್ವ ಅತ್ತಳು. ಆಯಿ ಕೇಳಿದ್ದು ಒಂದೇ.

"ಹಚ್ಚಿದ್ದನ್ನ ಯಾರು ಓದಬೇಕಪಾ?"

"ಗಂಗಿ ಓದತಾಳ. ನನಗಿಂತ ಛಲೋ ಓದತಾಳ. ಮಂಗಲದ ದಿನ ಮಾದಲಿ ಉಣ್ಣಾಕ ನಾ ಬಂದ ಬರ್ತೀನಿ ಯವ್ವಾ."

ಗಂಗಿ ಎಂದರೆ ನಾನು. ಮರುದಿನದಿಂದ ಪೀಠದ ಮುಂದೆ ನಾನು ಕೂತೆ. ಎಷ್ಟು ಹೆಮ್ಮೆ ಎನಿಸಿತ್ತೆಂದರೆ, ಕಾಕಾ ಹೋದದ್ದಕ್ಕೆ ಒಳಗೊಳಗೇ ಖುಷಿಯಾಗಿತ್ತು. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ನನ್ನ ದನಿ ಏರಿಸಿದರೆ ಅವ್ವನ ಮೊರ ನಿಲ್ಲುತ್ತಿತ್ತು, ಇಳಿಸಿದರೆ ಆಯಿ ಮುಂದಕ್ಕೆ ಬಾಗುತ್ತಿದ್ದಳು. ಮನೆಯ ದೊಡ್ಡವರನ್ನು ಹಿಡಿದು ಕೂಡಿಸುವ ಶಕ್ತಿ ಹುಡುಗಿಯೊಬ್ಬಳಿಗೆ ಬೇರೆ ಯಾವುದರಿಂದ ಬಂದೀತು? ಚಪಲ ತಡೆಯದೆ ನಾನು ಕದ್ದು ಮುಂದಿನ ಪುಟಗಳನ್ನೂ ಓದಿಬಿಟ್ಟೆ. ಕೊನೆ ನನಗೆ ಇಷ್ಟವಾಗಲಿಲ್ಲ. ಆದರೆ ಯಾರಿಗೂ ಹೇಳಲಿಲ್ಲ.

ಕಾಕಾ ಹೋದ ಮೇಲೆ ಆಯಿ ಓದನ್ನು ನಿಧಾನ ಮಾಡಿಸಿದಳು. ಓದಿದ್ದನ್ನೇ ಮತ್ತೆ ಓದಿಸುವಳು. ದಿನಕ್ಕೆ ಒಂದು ಪುಟ ಸಾಕು ಎನ್ನುವಳು. ಅವನು ಬರುವ ಹೊತ್ತಿಗೆ ಸರಿಯಾಗಿ ಮುಗಿಯಬೇಕೆಂಬುದು ಅವಳ ಲೆಕ್ಕ. ಅತ್ತ ಪುಸ್ತಕದಲ್ಲಿ ಪಟ್ಟಣದ ಜನ ಗಂಟುಮೂಟೆ ಕಟ್ಟಿ ಹೊರಡುತ್ತಿದ್ದರು, ಇತ್ತ ನಮ್ಮ ಓಣಿಯಲ್ಲೂ ಅದೇ. ಬಂದೂಕು ಹಿಡಿದ ನಿಜಾಮನ ಕಡೆಯವರು ಇವತ್ತು ಈ ಊರಿಗೆ ಬಂದರಂತೆ, ನಿನ್ನೆ ಆ ಊರಿನ ಬಣವೆ ಸುಟ್ಟರಂತೆ ಎಂಬ ಮಾತು. ಎದುರು ಮನೆಯವರು ಹೋದರು. ಬಡಿಗೇರ ಮನೆಯವರು ಕುಷ್ಟಗಿಯ ಬೀಗರಲ್ಲಿಗೆ ಹೋದರು. ಸಂಜೆಯಾದರೆ ಓಣಿಯಲ್ಲಿ ನಮ್ಮದೊಂದೇ ಒಲೆಯ ಹೊಗೆ. ಅಪ್ಪ ದಿನಾ ತಾಯಿಯ ಮುಂದೆ ಕೂತು ಬೇಡುತ್ತಿದ್ದ. ಗಡಿಯಾಚೆ ಅವ್ವನ ತವರಿಗೆ ಹೋಗೋಣ, ನಾಲ್ಕು ದಿನ ಇದ್ದು ಬರೋಣ ಎನ್ನುತ್ತಿದ್ದ. ಮಂಗಲ ಆಗಲಿ ಎನ್ನುವುದು ಆಯಿಯ ಒಂದೇ ಉತ್ತರ. ಆಯಿಯನ್ನು ಬಿಟ್ಟು ಹೋಗುವ ಮಾತು ಅಪ್ಪನ ಬಾಯಲ್ಲಿ ಬರಲಾರದು. ಹೀಗೆ ಏಳು ಜನರ ಜೀವ ಒಂದು ಪುಸ್ತಕದ ಉಳಿದ ಪುಟಗಳಲ್ಲಿ ಸಿಕ್ಕಿಕೊಂಡಿತ್ತು, ಏಳನೆಯವನು ಎಲ್ಲಿದ್ದಾನೋ ನಮಗೆ ಗೊತ್ತಿರಲಿಲ್ಲ. ಅಪ್ಪ ಮಾತ್ರ ಆ ದಿನಗಳಲ್ಲಿ ಓದು ಶುರುವಾದರೆ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದ.

ಬೇಸಿಗೆಯ ಒಂದು ಸಂಜೆ ಬಂಡಿ ಹೊಡೆಯುವ ಹುಸೇನಸಾಬ ಬಂದು ಅಪ್ಪನ ಜತೆ ಹೊರಗೆ ನಿಂತ. ನಮ್ಮ ಅಂಗಡಿಯ ಸಾಮಾನು ಹೇರುತ್ತ ಬೆಳೆದವನು ಅವನು.

"ನಾಳಿ ಮಧ್ಯಾಹ್ನದೊಳಗ ಬಿಡಬೇಕ್ರಿ ಸಾವಕಾರ್ರ. ನಾಡಿದ್ದಿಂದ ರಸ್ತಾ ಬಂದ್ ಅಂತ. ಆಮ್ಯಾಲೆ ನಾ ಬರಾಕ ಆಗೂದಿಲ್ರಿ. ನನ್ನ ಹೇಣ್ತಿ ಮಕ್ಕಳು ಇದ ಊರಾಗ ಇರಬೇಕು."

ಅವನು ಹೋದ ಮೇಲೆ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದ. ಎಷ್ಟು ಪುಟ ಉಳಿದಿವೆ ಎಂದು ಕೇಳಿದ. ನಲವತ್ತು ಎಂದೆ.

"ಬೆಳಿಗ್ಗಿನಿಂದ ಓದಿ ಮುಗಸು. ಕಡಿಕ ಹೆಂಗ ಐತಿ?"

"ಮಗ ಬರೂದಿಲ್ಲಪ್ಪ. ಪಟ್ಟಣಕ್ಕ ಬೆಂಕಿ ಬೀಳತೈತಿ. ನಾಗಮ್ಮ ಬಾಗಲದಾಗ ಕುಂತಿರತಾಳ. ಅಷ್ಟ."

ಅಪ್ಪ ಬಾವಿಯ ಕಡೆ ತಿರುಗಿದ.

"ಹಂಗ ಓದಬ್ಯಾಡ. ಮಗ ಬಂದ ಅಂತ ಓದು. ತಾಯಿನ ಹೊಳಿ ದಾಟಿಸಿಕೊಂಡು ಹ್ವಾದ ಅಂತ ಓದು."

"ಪೀಠದ ಮ್ಯಾಲೆ ಇಟ್ಟು ಸುಳ್ಳ ಓದಬಹುದೇನಪ್ಪ?"

ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಹೆದರಿಕೆಯಿಂದ ಎಂದುಕೊಂಡೆ.

ಮರುದಿನ ಹೊತ್ತು ಮೂಡುವ ಮೊದಲೇ ಅವ್ವ ರೊಟ್ಟಿ ಬಡಿದು ಬುತ್ತಿ ಕಟ್ಟಿದಳು. ಬೆಳಕಿಂಡಿಯ ಬಿಸಿಲು ಇಳಿದಿರಲಿಲ್ಲ, ದೀಪದ ಮುಂದೆಯೇ ಓದು ಶುರು ಮಾಡಿದೆ. ಆಯಿಗೆ ಈ ಅವಸರ ಇಷ್ಟವಿರಲಿಲ್ಲ. ಆದರೆ ಮಂಗಲದ ಹೊತ್ತಿಗೆ ಬರುತ್ತೇನೆಂದು ಮಗ ಹೇಳಿದ್ದಾನೆ, ಮಂಗಲವೇ ಅವನನ್ನು ಎಳೆದು ತಂದೀತು ಎಂಬ ಆಸೆಯೂ ಹುಟ್ಟಿತ್ತೋ ಏನೋ, ಸುಮ್ಮನೆ ಬತ್ತಿ ಹೊಸೆಯುತ್ತ ಕೂತಳು. ಮಾದಲಿಗೆ ಬೆಲ್ಲ ಹೆರೆದಿಡಲು ಅವ್ವನಿಗೆ ಹೇಳಿದಳು. ಓದುತ್ತ ಓದುತ್ತ ಹೊತ್ತೇರಿತು. ಹೊರಗೆ ಹುಸೇನಸಾಬ ಬಂಡಿ ತಂದು ನಿಲ್ಲಿಸಿದ, ಎತ್ತಿನ ಗಂಟೆ ಬಿಚ್ಚಿ ಇಟ್ಟುಕೊಂಡಿದ್ದ. ತಮ್ಮಂದಿರು ಆಗಲೇ ಹತ್ತಿ ಕೂತರು. ಕೊನೆಯ ಹಾಳೆಗೆ ಬಂದೆ. ನಾಗಮ್ಮ ಬಾಗಿಲಲ್ಲಿ ಕೂತಿದ್ದಾಳೆ, ಬೀದಿಯ ತುದಿಯಲ್ಲಿ ಹೊಗೆ ಕಾಣುತ್ತಿದೆ. ಅಲ್ಲಿಂದ ಮುಂದೆ ನಾನು ಅಪ್ಪ ಹೇಳಿದ ಹಾಗೆ ಹೇಳತೊಡಗಿದೆ. "ಅಷ್ಟರಲ್ಲಿ ಕುದುರೆಯ ಸದ್ದು ಕೇಳಿಸಿತು, ನಾಗಮ್ಮ ತಲೆಯೆತ್ತಿ ನೋಡಿದಳು, ಅವಳ ಮಗ..."

"ನಿಲ್ಲಸು" ಎಂದಳು ಆಯಿ.

ನಾನು ನಿಲ್ಲಿಸಿದೆ.

"ಪುಸ್ತಕದಾಗ ಇದ್ದದ್ದು ಓದು."

"ಇದ... ಇದ ಐತಿ ಆಯಿ."

"ಗಂಗೀ, ಓದುವಾಗ ನಿನ್ನ ಕಣ್ಣ ಈ ತುದಿಯಿಂದ ಆ ತುದಿಗಿ ಹೋಗಿ ಬರ್ತಾವ. ಈಗ ಒಂದ ಕಡೆ ನಿಂತಾವ. ನನಗ ಅಕ್ಷರ ಬರೂದಿಲ್ಲ, ನಿನ್ನ ಮಾರಿ ಓದಾಕ ಬರ್ತೈತಿ."

ಇಷ್ಟು ದಿನ ಅವಳು ಕಥೆ ಕೇಳುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳು ನನ್ನನ್ನು ನೋಡುತ್ತಿದ್ದಳು. ಬಾಗಿಲಲ್ಲಿ ನಿಂತ ಅಪ್ಪನ ಕಡೆ ತಿರುಗಿದೆ, ಅಪ್ಪ ಕಣ್ಣು ತಪ್ಪಿಸಿದ. ಬೇರೆ ದಾರಿ ಇರಲಿಲ್ಲ. ಇದ್ದದ್ದನ್ನೇ ಓದಿದೆ. ಹೊಗೆ ಹತ್ತಿರ ಬಂತು, ನಾಗಮ್ಮ ಎದ್ದೇಳಲಿಲ್ಲ. "ಆಮೇಲೆ ಏನಾಯಿತೆಂದು ಹೇಳಲು ಆ ಬೀದಿಯಲ್ಲಿ ಯಾರೂ ಉಳಿಯಲಿಲ್ಲ." ಅದೇ ಕೊನೆಯ ಸಾಲು.

"ಮುಂದ?"

"ಮುಂದ ಇಲ್ಲ ಆಯಿ."

"ಹಾಳಿ ತಿರುವು."

ತಿರುವಿದೆ. ಬರೀ ಬಿಳಿ ಹಾಳೆ. ಆಯಿ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ಆ ಖಾಲಿ ಹಾಳೆಯ ಮೇಲೆ ಬೆರಳಾಡಿಸಿ ನೋಡಿದಳು. ಅವಳಿಗೆ ದುಃಖ ಬರಲಿಲ್ಲ, ಸಿಟ್ಟು ಬಂತು.

"ಬರದಾವ ಎಲ್ಲಿ ಎದ್ದ ಹ್ವಾದ? ಮುದುಕೀನ ಬೆಂಕಿ ಮುಂದ ಕುಂದ್ರಿಸಿ, ಮಂಗಲ ಬರೀಲಾರದ ಎದ್ದ ಹ್ವಾದನ? ಪುರಾಣ ಬರದವರು ಯಾರರ ಹಿಂಗ ಮಾಡ್ಯಾರೇನು?"

ಆಯಿ ಪುಸ್ತಕ ಮುಚ್ಚಿ ಪೀಠದ ಮೇಲಿಟ್ಟಳು. ಗೋಡೆಗೆ ಒರಗಿ ಕೂತಳು.

"ಇದು ಮುಗದಿಲ್ಲ. ಮಂಗಲ ಇಲ್ಲದ್ದು ಹೆಂಗ ಮುಗೀತು? ಲಿಂಗ್ಯಾ ಹಚ್ಚ್ಯಾನ, ಲಿಂಗ್ಯಾನ ಬಂದು ಮುಗಸ್ತಾನ. ಅಲ್ಲೀತನಕ ನಾ ಮನಿ ಬಿಡೂದಿಲ್ಲ. ನೀವು ನಡೀರಿ, ಹುಡುಗರನ್ನ ಕರಕೊಂಡು ನಡೀರಿ. ಬಿಟ್ಟ ಹೋದ್ರ ಆ ಹುಡುಗಗ ಕೇಡು."

ಅವ್ವ ಕಾಲಿಗೆ ಬಿದ್ದಳು. "ಅತ್ತೀ, ಏಳ್ರಿ, ನಿಮ್ಮ ಪಾದಕ್ಕ ಬೀಳತೀನ್ರಿ" ಎಂದು ಅತ್ತಳು. ಹುಸೇನಸಾಬ ಒಳಗೆ ಬಂದು, "ಯವ್ವಾ, ಹೊತ್ತ ಆಗೇತಿ, ಎತ್ತು ನಿಂದ್ರವಲ್ಲವು" ಎಂದ. ಅವನ ದನಿ ಬಿದ್ದುಹೋಗಿತ್ತು. ಆಯಿ ಅವನಿಗೆ ನೀರು ಕೊಡಲು ಹೇಳಿದಳೇ ಹೊರತು ಅಲುಗಲಿಲ್ಲ. ನಾನು ಪೀಠದ ಮುಂದೆ ಕೂತೇ ಇದ್ದೆ. ಸುಳ್ಳು ಹೇಳಲು ಹೋಗಿ ಸಿಕ್ಕಿಬಿದ್ದೆ, ಖರೆ ಓದಿ ಎಲ್ಲರನ್ನೂ ಸಿಕ್ಕಿಸಿದೆ. ಸುಳ್ಳನ್ನು ಚೆನ್ನಾಗಿ ಓದಲು ಬಾರದ ನನ್ನ ಕಣ್ಣನ್ನು ನಾನು ಆ ದಿನ ಶಪಿಸಿದೆ. ಹನ್ನೊಂದು ವರ್ಷದವಳ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಆಗ ಅಪ್ಪ ಪಡಸಾಲೆಗೆ ಬಂದು ತಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ತಾಯಿಯ ಮುಂದೆ ದನಿಯೇರಿಸಿ ಅವನು ಎಂದೂ ಮಾತಾಡಿದವನಲ್ಲ. ಈಗಲೂ ಏರಿಸಲಿಲ್ಲ.

"ಯಾರ ಸಲುವಾಗಿ ಕುಂತೀ ಯವ್ವಾ? ಲಿಂಗ್ಯಾ ಇಲ್ಲ."

ಆಯಿ ಅವನ ಮುಖ ನೋಡಿದಳು.

"ಶಿಬಿರದಾಗ ವಾಂತಿ ಭೇದಿ ಎದ್ದಿತ್ತಂತ. ಎರಡ ದಿನದಾಗ ಹ್ವಾದ. ಅಲ್ಲೇ ಮಣ್ಣ ಮಾಡ್ಯಾರ. ನನಗ ಹೇಳಿ ಕಳಿಸಿದ್ರು. ನಿನಗ ಹೇಳಾಕ ನನಗ ಬಾಯಿ ಬರಲಿಲ್ಲ."

ಅವ್ವನ ಅಳು ಥಟ್ಟನೆ ನಿಂತಿತು. ಅವಳಿಗೂ ಗೊತ್ತಿರಲಿಲ್ಲ. ಕತ್ತಿಯಿಂದಲ್ಲ, ಗುಂಡಿನಿಂದಲ್ಲ, ಹೊಲಸು ನೀರು ಕುಡಿದು ನಮ್ಮ ಕಾಕಾ ಸತ್ತಿದ್ದ. ಅಂಥ ಸಾವು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

"ಯಾವ ದಿನಾ?" ಎಂದಳು ಆಯಿ.

"ಅಮಾಸಿ ಹಿಂದಿನ ಸೋಮವಾರ."

ಆಯಿ ನನ್ನ ಕಡೆ ತಿರುಗಿದಳು.

"ಆ ಸೋಮವಾರ ನಾವು ಏನ ಓದಿದ್ವಿ ಗಂಗೀ?"

ನನಗೆ ಚೆನ್ನಾಗಿ ನೆನಪಿತ್ತು. ಬಳೆಗಾರರ ಮನೆಗೆ ಹೊಸ ಸೊಸೆ ಬಂದು, ಒಲೆ ಹಚ್ಚಲು ಬಾರದೆ ಮನೆಯೆಲ್ಲ ಹೊಗೆ ಮಾಡಿದ ಪ್ರಸಂಗ. ಕಾಳಗಕ್ಕಿಂತ ಹಿಂದಿನದು. ಆಯಿಯೇ ಆ ದಿನ, ದುಃಖದ್ದು ಸಾಕು, ಹಿಂದಿನ ಆ ಹೊಗೆಯ ಕಥೆ ಇನ್ನೊಮ್ಮೆ ಓದು ಎಂದು ತಿರುಗಿಸಿ ಓದಿಸಿದ್ದಳು.

"ಸೊಸಿ ಹೊಗಿ ಹಾಕಿದ್ದು, ಆಯಿ."

"ಹೌದು. ನಾ ಭಾಳ ನಕ್ಕಿದ್ದೆ."

ಅಷ್ಟು ಹೇಳಿ ಅವಳು ಮಡಿಲಲ್ಲಿದ್ದ ಹತ್ತಿಯನ್ನು ಕೊಡವಿ ಎದ್ದಳು. ಯಾರ ಕೈಯನ್ನೂ ಹಿಡಿಯಲಿಲ್ಲ.

"ಇನ್ನ ಕೇಡು ತಟ್ಟಾಕ ಯಾರ ಉಳದಾರ? ನಡೀರಿ."

ಬೆಳಗಿನಿಂದ, ಬೆಳಗಿನಿಂದೇಕೆ, ಎಷ್ಟೋ ದಿನದಿಂದ ನಾವು ಬೇಡಿಕೊಂಡದ್ದು ಇದನ್ನೇ. ಅವಳು ಹೊರಡಲಿ ಎಂದೇ. ಅವಳು ಹೊರಟಳು. ಬಾಗಿಲು ದಾಟಿ, ಕಟ್ಟೆ ಇಳಿದು, ಹುಸೇನಸಾಬ ಇಟ್ಟ ಕಲ್ಲಿನ ಮೇಲೆ ಕಾಲಿಟ್ಟು ಬಂಡಿ ಹತ್ತಿ, ಸಣ್ಣ ತಮ್ಮನನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ನಾನು ಅವ್ವನ ಸೆರಗು ಹಿಡಿದು ಹಿಂದೆ ಹೋದೆ. ಅಪ್ಪ ಮಾತ್ರ ಬರಲಿಲ್ಲ. ತಿರುಗಿ ನೋಡಿದರೆ ಕಟ್ಟೆಯ ಮೇಲೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಸಣ್ಣ ಹುಡುಗರು ಅಳುವ ಹಾಗೆ ಗಟ್ಟಿಯಾಗಿ ಅಳುತ್ತಿದ್ದ. ಅಷ್ಟು ದಿನ ಅವನು ಒಬ್ಬನೇ ಹೊತ್ತುಕೊಂಡದ್ದು ಆಗ ಹೊರಬಿತ್ತು. ಹುಸೇನಸಾಬನಿಗೂ ಅವ್ವನಿಗೂ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಬಂಡಿಯ ಮೇಲಿಂದ ಆಯಿಯೇ ಕರೆದಳು.

"ಏಳ ಯಪ್ಪಾ. ಹುಡುಗರು ಬಿಸಲಾಗ ಕುಂತಾವ."